ಮೃಚ್ಛಕಟಿಕದ ನ್ಯಾಯಸಭೆ

ಶೂದ್ರಕನ ಮೃಚ್ಛಕಟಿಕವೆಂದೊಡನೆ ಸಹೃದಯರ ಚಿತ್ತ ವಸಂತಸೇನೆಯತ್ತ ಹರಿಯುವುದು ಸಹಜ. ಆದರೆ ನಾಟಕದ 10 ಅಂಕಗಳಲ್ಲಿ ಅತ್ಯಂತ ಕಠೋರವಾದುದು ಉಜ್ಜಯಿನಿಯ ನ್ಯಾಯಸಭೆಯನ್ನು ತೋರುವ 9ನೆಯದು.

ವಸಂತಸೇನೆಯ ಕೊರಳನ್ನು ಹಿಸುಕಿ, ಸತ್ತಳೆಂದು ಬಗೆದು ಬಂದ ಶಕಾರನೇ ಇಲ್ಲಿ ವಾದಿ. ನಿರ್ಧನನಾದ ಚಾರುದತ್ತನು ಪ್ರತಿವಾದಿ. ಶಕಾರನ ದೂರನ್ನು ಆ ದಿನ ವಿಚಾರಿಸಲು ಅಧಿಕರಣಿಕನು ಮೊದಲು ಒಪ್ಪುವುದಿಲ್ಲ. ಭಾವನಾದ ಪಾಲಕರಾಜನಿಗೆ ಹೇಳಿ ಪೀಠದಲ್ಲಿ ಬೇರೊಬ್ಬನನ್ನು ಕೂರಿಸುವೆನೆಂದು ಆತ ಗದರಿಸಿದೊಡನೆ ಬಾಗಿಲು ತೆರೆಯುತ್ತದೆ. ಲಂಚವೇ ಬೇಕಾಗಲಿಲ್ಲ, ನಂಟಸ್ತಿಕೆ ಸಾಕಾಯಿತು.

ಕೊಲೆಯನ್ನು ವರ್ಣಿಸುವ ಭರದಲ್ಲಿ, ಯಾರೂ ಕೇಳದಿರುವಾಗಲೇ, ಕೊಂದವನು ತಾನಲ್ಲವೆಂದು ಶಕಾರನು ಬಾಯಿತಪ್ಪಿ ನುಡಿಯುತ್ತಾನೆ. ಆ ಮಾತು ದಾಖಲೆಗೆ ಸೇರಿದ ಮರುಕ್ಷಣ ಅದನ್ನು ಕಾಲಿನಿಂದ ಒರೆಸಿಬಿಡುತ್ತಾನೆ! ಲೆಕ್ಕಪತ್ರಗಳೊಡನೆ ಬಾಳುವವರಿಗೆ ಈ ಚೇಷ್ಟೆ ಮೈನಡುಕ ತರಿಸದಿರದು. ಬಳಿಕ ಆತ ಹೆಣೆದ ಸಮಜಾಯಿಷಿಯೇ ಸಭೆಯ ಶ್ರೇಷ್ಠಿಗೂ ಕಾಯಸ್ಥನಿಗೂ ಸಂಗತವೆನಿಸುತ್ತದೆ.

ಚಾರುದತ್ತನನ್ನು ಕೆಡಹುವ ಸಾಕ್ಷ್ಯವಾದರೂ ಬಹುಮಟ್ಟಿಗೆ ಪ್ರಾಮಾಣಿಕವಾದುದೇ. ಮಗಳು ಆತನ ಮನೆಗೆ ಹೋದಳೆಂದು ತಾಯಿ ನುಡಿದುದು ನಿಜ. ವೀರಕನು ತಾನು ಕೇಳಿದುದನ್ನೇ ಹೇಳಿದನು. ಮೈತ್ರೇಯನ ಕಂಕುಳಿನಿಂದ ಜಾರಿಬಿದ್ದ ಒಡವೆಗಳು ವಸಂತಸೇನೆಯವೇ, ಮಣ್ಣಿನ ಬಂಡಿ ಬೇಡವೆಂದು ಅತ್ತ ಮಗುವಿಗೆ ಚಿನ್ನದ ಬಂಡಿಯಾಗಲೆಂದು ಆಕೆ ಕೊಟ್ಟವು. ಅವು ಮಗಳವಲ್ಲವೆಂದು ತಾಯಿ ಅನ್ನುವಳು. ಆ ಸುಳ್ಳು ಆರೋಪಿಯನ್ನು ಉಳಿಸಲೆಂದು ಆಡಿದುದು.

ಅಧಿಕರಣಿಕನು ದುಷ್ಟನಲ್ಲ, ಚಾರುದತ್ತನಲ್ಲಿ ಗೌರವವುಳ್ಳವನು. ಬ್ರಾಹ್ಮಣನಿಗೆ ವಧೆಯಿಲ್ಲವೆಂಬ ಮನುವಚನವನ್ನು ರಾಜನಿಗೆ ತಿಳಿಸಿ, ಶಿಕ್ಷೆಯ ಭಾರವನ್ನು ಅವನಿಗೇ ಒಪ್ಪಿಸಿ ಸುಮ್ಮನಾಗುತ್ತಾನೆ. ಪಾಲಕನು ಮರಣದಂಡನೆ ವಿಧಿಸುತ್ತಾನೆ. ಮುಂದಿನ ಅಂಕದಲ್ಲಿ ರಾಜ್ಯವೇ ಉರುಳಿ ಆರ್ಯಕನು ಪಟ್ಟಕ್ಕೆ ಬರುತ್ತಾನೆ, ಬದುಕಿ ಬಂದ ವಸಂತಸೇನೆಗೆ ವಧೂಪದವಿ ದೊರೆಯುತ್ತದೆ, ಶಕಾರನಿಗೂ ಕ್ಷಮೆ ಸಿಗುತ್ತದೆ. ಅಧಿಕರಣಿಕನನ್ನು ಮಾತ್ರ ಯಾರೂ ವಿಚಾರಿಸುವುದಿಲ್ಲ.