ಮುದ್ದೆ ಇಳಿಯುವಾಗಲೇ ನೋಡಬೇಕಾದ ಅನ್ನನಾಳ

ಅನ್ನನಾಳದ ಕ್ಯಾನ್ಸರ್ ಮೊದಲ ಹಂತದಲ್ಲಿ ಗಂಟಾಗಿಯೂ ಹುಣ್ಣಾಗಿಯೂ ಕಾಣದೆ, ಲೋಳೆಪೊರೆಯ ಮೇಲೆ ಮಾಸಲು ಕೆಂಪಾಗಿಯಷ್ಟೇ ಇರುವುದರಿಂದ, ಎಂಡೋಸ್ಕೋಪಿಯ ಬಿಳಿ ಬೆಳಕಿನಲ್ಲಿ ನುರಿತ ಕಣ್ಣಿಗೂ ತಪ್ಪಿಹೋಗುತ್ತದೆ. ಜಪಾನಿನಲ್ಲಿ ರೂಪುಗೊಂಡ ನ್ಯಾರೋ ಬ್ಯಾಂಡ್ ಇಮೇಜಿಂಗ್, ಅಂದರೆ ಎನ್‌ಬಿಐ, ಬೆಳಕನ್ನು 415 ಮತ್ತು 540 ನ್ಯಾನೊಮೀಟರ್ ಸುತ್ತಲಿನ ನೀಲಿ, ಹಸಿರು ಪಟ್ಟಿಗಳಿಗೆ ಸೀಮಿತಗೊಳಿಸುತ್ತದೆ. ರಕ್ತದ ಹಿಮೋಗ್ಲೋಬಿನ್ ಈ ಬೆಳಕನ್ನು ಹೆಚ್ಚಾಗಿ ಹೀರುವುದರಿಂದ ಮೇಲ್ಪದರದ ಸೂಕ್ಷ್ಮ ರಕ್ತನಾಳಗಳು ಎದ್ದು ತೋರಿ, ಅವು ಹಿಗ್ಗಿ ಸುರುಳಿಗೊಂಡ ಜಾಗ ಕಣ್ಣಿಗೆ ಬೀಳುತ್ತದೆ.

2010ರಲ್ಲಿ ಪ್ರಕಟವಾದ ಜಪಾನಿನ ಅಧ್ಯಯನವೊಂದರಲ್ಲಿ ಅನ್ನನಾಳದ ಮೇಲ್ಪದರದ ಕ್ಯಾನ್ಸರ್‌ಗಳಲ್ಲಿ ಬಿಳಿ ಬೆಳಕು ಶೇ. 55ರಷ್ಟನ್ನು ಗುರುತಿಸಿದರೆ ಎನ್‌ಬಿಐ ಶೇ. 97ರಷ್ಟನ್ನು ಗುರುತಿಸಿತು. ಆದರೆ ಪರೀಕ್ಷೆಗೊಳಗಾದ 320 ಮಂದಿಯೂ ಆ ಕಾಯಿಲೆಯ ರೋಗಿಗಳೇ ಆಗಿದ್ದರೆಂಬುದನ್ನು ಮರೆತು ಈ ಅಂಕಿಯನ್ನು ಎಲ್ಲರಿಗೂ ಅನ್ವಯಿಸುವುದು ಸಲ್ಲದು. ಜಠರದ ವಿಷಯದಲ್ಲಂತೂ, 4500ಕ್ಕೂ ಹೆಚ್ಚು ಜನರನ್ನು ಒಳಗೊಂಡು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಸುಧಾರಿತ ಎನ್‌ಬಿಐ ಕೂಡ ಬಿಳಿ ಬೆಳಕನ್ನು ಗಮನಾರ್ಹವಾಗಿ ಮೀರಿಸಲಿಲ್ಲ.

ನಂಜನಗೂಡು ಬಳಿಯ ಕಳಲೆಯಂಥ ಊರಿನಿಂದ ನೋಡಿದಾಗ ಈ ತಂತ್ರದ ಇನ್ನೊಂದು ಮಿತಿ ಕಾಣುತ್ತದೆ. ಎಲೆಯಡಿಕೆಗೆ ಹೊಗೆಸೊಪ್ಪು ಸೇರಿಸಿ ಅಗಿಯುವ ಅಭ್ಯಾಸ ಈ ಸೀಮೆಯಲ್ಲಿ ಹಳೆಯದು. ತಂಬಾಕಿಲ್ಲದ ಎಲೆಯಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಸಾರಿದೆ. ರಾಗಿಮುದ್ದೆ ಗಂಟಲಿನಿಂದ ಇಳಿಯದಾದಾಗಲೇ ಮೈಸೂರಿನ ಆಸ್ಪತ್ರೆಗೆ ಹೊರಡುವ ರೋಗಿಯ ಅನ್ನನಾಳ ಅಷ್ಟರಲ್ಲಿ ಬಹುಪಾಲು ಮುಚ್ಚಿರುವುದರಿಂದ, ಆ ಗಡ್ಡೆಯನ್ನು ಕಾಣಲು ಯಾವ ಬೆಳಕಾದರೂ ಸಾಕು. ಎನ್‌ಬಿಐಯ ಪ್ರಯೋಜನವೆಲ್ಲ ಇನ್ನೂ ಚೆನ್ನಾಗಿ ಉಣ್ಣುತ್ತಿರುವವನಿಗೆ, ಅವನೋ ಆಸ್ಪತ್ರೆಯ ಕಡೆ ಸುಳಿಯುವುದೇ ಇಲ್ಲ.

ಹಳೆಯ ಲ್ಯೂಗಾಲ್ ಅಯೋಡಿನ್ ದ್ರಾವಣ ಇಲ್ಲಿ ಕಡೆಗಣಿಸುವಂಥದ್ದಲ್ಲ. ಆರೋಗ್ಯವಂತ ಜೀವಕೋಶಗಳಲ್ಲಿನ ಗ್ಲೈಕೋಜನ್ ಅದನ್ನು ಹೀರಿ ಕಂದಾದರೆ ಕೆಟ್ಟ ತೇಪೆ ಬಣ್ಣ ಹಿಡಿಯದೆ ಉಳಿಯುತ್ತದೆ. ಎದೆಯುರಿ, ಅಯೋಡಿನ್ ಅಲರ್ಜಿ, ಬರಿಯ ಉರಿಯೂತವೂ ಬಣ್ಣ ಹಿಡಿಯದಿರುವುದು ಅದರ ದೋಷಗಳು. ಆದರೂ ಸಾಧಾರಣ ಎಂಡೋಸ್ಕೋಪಿನಲ್ಲೇ ಅಗ್ಗವಾಗಿ ನಡೆಯುತ್ತದೆ. ಎಲ್ಲರಿಗೂ ತಪಾಸಣೆ ಮಾಡುವುದಕ್ಕಿಂತ, ಬಾಯಿ ಅಥವಾ ಗಂಟಲಿನ ಕ್ಯಾನ್ಸರ್‌ಗಾಗಿ ಮೈಸೂರಿನಲ್ಲೋ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲೋ ಈಗಾಗಲೇ ಚಿಕಿತ್ಸೆ ಪಡೆಯುತ್ತಿರುವವರ ಅನ್ನನಾಳವನ್ನು, ಲೋಳೆ ತೊಳೆದು, ಅವಸರವಿಲ್ಲದೆ, ಎನ್‌ಬಿಐ ಇದ್ದರೆ ಅದರಿಂದ, ಇಲ್ಲದಿದ್ದರೆ ಅಯೋಡಿನ್ ಬಳಿದು ನೋಡುವುದು ಹೆಚ್ಚು ಫಲಕಾರಿ. ಏಕೆಂದರೆ ಒಂದೇ ತಂಬಾಕು ಎರಡೂ ಕಡೆ ಹಾನಿ ಮಾಡಿರುವ ಈ ರೋಗಿಗಳಲ್ಲಿ ಎರಡನೆಯ ಕ್ಯಾನ್ಸರ್ ಅಡಗಿರುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು.