ಕಾಟನ್‌ನ ಕಾಲುವೆ, ಆದವಾನಿಯ ತಕ್ಕಡಿ

ಹತ್ತೊಂಬತ್ತನೆಯ ಶತಮಾನದ ಉದ್ಯಮನಾಯಕರನ್ನು ಕುರಿತ ಕನ್ನಡ ಬರವಣಿಗೆ ಬಹುಮಟ್ಟಿಗೆ ಎರಡು ಜಾಡುಗಳಲ್ಲಿ ಸಾಗಿದೆ. ಒಂದು ಸ್ಮರಣಸಂಪುಟಗಳದು, ಇನ್ನೊಂದು, ಎಲ್ಲವನ್ನೂ ವಸಾಹತುಶಾಹಿ ಲೂಟಿ ಎಂಬ ಒಂದೇ ಮಾತಿನಲ್ಲಿ ಮುಗಿಸುವಂಥದು. ಕೋಲಾರದ ಚಿನ್ನದ ಗಣಿಗಳನ್ನು ನಡೆಸಿದ ಜಾನ್ ಟೇಲರ್ ಕಂಪನಿಯ ವಿಷಯದಲ್ಲಿ ಇವೆರಡೂ ಕಾಣಸಿಗುತ್ತವೆ. ಎರಡರಲ್ಲಿಯೂ ತೀರ್ಪು ಮೊದಲು, ಸಾಕ್ಷ್ಯ ಅನಂತರ. ತೂಗುವವನು ಯಾವ ಊರಿನಲ್ಲಿ ನಿಂತು ತೂಗುತ್ತಿದ್ದಾನೆ ಎಂಬ ಪ್ರಶ್ನೆ ಮಾತ್ರ ಏಳುವುದೇ ಇಲ್ಲ.

ಸರ್ ಆರ್ಥರ್ ಕಾಟನ್ (1803–1899) ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾಗದಂತೆ ಮುಂದಿಡುತ್ತಾನೆ. ವೃತ್ತಿಯಿಂದ ಆತ ಸೈನ್ಯದ ಎಂಜಿನಿಯರ್, ವ್ಯಾಪಾರಿಯಲ್ಲ. ಆದರೆ ಅವನ ಕಲ್ಪನೆಯನ್ನು ಬಂಡವಾಳವಾಗಿಸಿಕೊಂಡು ಹುಟ್ಟಿದ ಮದ್ರಾಸ್ ನೀರಾವರಿ ಮತ್ತು ಕಾಲುವೆ ಕಂಪನಿ ಅಪ್ಪಟ ವಾಣಿಜ್ಯ ಸಂಸ್ಥೆ. ಗೋದಾವರಿ ಮುಖಜಭೂಮಿಯಲ್ಲಿ ಕಾಟನ್ ಇಂದಿಗೂ ಪೂಜ್ಯ. ಧವಳೇಶ್ವರದ ಅಣೆಕಟ್ಟು (1847–1852) ಅಲ್ಲಿನ ಬದುಕನ್ನೇ ಬದಲಿಸಿತು. ಅವನ ಪ್ರತಿಮೆಗಳಿಗೆ ಅಲ್ಲಿ ಹಾರ ಬೀಳುವುದರಲ್ಲಿ ಅತಿಶಯವೇನೂ ಇಲ್ಲ. ಅದೇ ಗೌರವವನ್ನು ತುಂಗಭದ್ರೆಯ ದಂಡೆಗೂ ಹಾಗೆಯೇ ತಂದು ಹಚ್ಚುವಲ್ಲಿ ತೊಡಕಿದೆ.

ಕಂಪನಿ ಕೈಗೊಂಡದ್ದು ಕರ್ನೂಲು–ಕಡಪ ಕಾಲುವೆ. ಕೆಲಸ ನಡೆದದ್ದು 1863ರಿಂದ 1870ರವರೆಗೆ. ಹತ್ತು ಲಕ್ಷ ಪೌಂಡಿನ ಬಂಡವಾಳಕ್ಕೆ ಸರ್ಕಾರ ಶೇಕಡಾ 5ರ ಬಡ್ಡಿಯ ಖಾತರಿ ಕೊಟ್ಟಿತ್ತು. ಲಾಭ ಬಂದರೆ ಲಂಡನ್ನಿನ ಷೇರುದಾರರಿಗೆ. ಬಾರದಿದ್ದರೂ ಬಡ್ಡಿ ನಿಲ್ಲುವಂತಿಲ್ಲ, ಅದು ಭಾರತದ ಕಂದಾಯದಿಂದ ಸಲ್ಲಬೇಕು. ಉದ್ಯಮಸಾಹಸ ಎಂಬ ಪದವನ್ನು ಇಲ್ಲಿ ಬಳಸುವ ಮುನ್ನ, ಸಾಹಸ ಯಾರದಾಗಿತ್ತು ಎಂದು ಕೇಳುವುದು ನ್ಯಾಯ. ಮಳೆ ಚೆನ್ನಾಗಿ ಬಂದ ವರ್ಷಗಳಲ್ಲಿ ರೈತರು ದುಡ್ಡು ಕೊಟ್ಟು ನೀರು ಕೊಳ್ಳಲು ಮುಂದಾಗಲಿಲ್ಲ. ಆಡಳಿತದ ಕಣ್ಣಿಗೆ ಇದು ಮೊಂಡುತನ. ಜೋಳ, ಹತ್ತಿ ಬೆಳೆದು ಬಲ್ಲವರಿಗೆ ಎರೆನೆಲದ ಅರಿವು. ತೇವವನ್ನು ತಾನೇ ಹಿಡಿದಿಟ್ಟುಕೊಳ್ಳುವ ಮಣ್ಣಿಗೆ ಮುಖಜಭೂಮಿಯ ಲೆಕ್ಕವನ್ನು ಹೊಂದಿಸಹೋದದ್ದೇ ಯೋಜನೆಯ ಮೂಲದೋಷ. ನಷ್ಟದಲ್ಲಿದ್ದ ಕಾಲುವೆಯನ್ನು 1882ರಲ್ಲಿ ಸರ್ಕಾರವೇ ಕೊಂಡುಕೊಂಡಿತು.

ಮಂತ್ರಾಲಯದ ಆಸುಪಾಸಿನ ಮಾಧವರಂ ಸೀಮೆಯಿಂದ ನೋಡಿದರೆ ಚಿತ್ರ ಇನ್ನೂ ವಿಚಿತ್ರವಾಗುತ್ತದೆ. ಕಾಲುವೆ ಹೊರಡುವ ಸುಂಕೇಸುಲ ಇರುವುದು ಹೊಳೆಯ ಕೆಳಹರಿವಿನಲ್ಲಿ. ಅಲ್ಲಿಂದ ನೀರು ಹೋಗುವುದು ನಂದ್ಯಾಲ, ಕಡಪದ ಕಡೆಗೆ. ಈ ಸೀಮೆಯ ಪಕ್ಕದಲ್ಲಿ ಹರಿದುಹೋದ ಮೇಲೆಯೇ ಹೊಳೆಗೆ ಕಟ್ಟೆ. ಆಗ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಆದವಾನಿಯ ರೈತನಿಗೆ ದಕ್ಕಿದ್ದು ನೀರಲ್ಲ, ಖಾತರಿಬಡ್ಡಿಯ ಹೊರೆಯಲ್ಲಿ ಒಂದು ಪಾಲು. 1876–78ರ ಕ್ಷಾಮ ತೀವ್ರವಾಗಿ ಬಾಧಿಸಿದ ಜಿಲ್ಲೆಗಳಲ್ಲಿ ಬಳ್ಳಾರಿ, ಕರ್ನೂಲು ಎರಡೂ ಇದ್ದವು. 1877ರಲ್ಲಿ ಸರ್ ರಿಚರ್ಡ್ ಟೆಂಪಲ್ ಪರಿಹಾರಕಾಮಗಾರಿಯ ಕೂಲಿಯನ್ನು ದಿನಕ್ಕೆ ಒಂದು ಪೌಂಡು ಧಾನ್ಯದ ಮಟ್ಟಕ್ಕೆ ಇಳಿಸಿದಾಗಲೂ ಷೇರುದಾರರ ಶೇಕಡಾ 5 ಇಳಿಯಲಿಲ್ಲ.

ಇಷ್ಟಾದರೂ ಕಾಟನ್‌ನ ಪರವಾಗಿ ಹೇಳಬೇಕಾದ ಬಲವಾದ ಮಾತೊಂದಿದೆ, ಅದೂ ಆದವಾನಿಯ ಕಡೆಯಿಂದಲೇ. ಮಗಳು ಲೇಡಿ ಹೋಪ್ 1900ರಲ್ಲಿ ಹೊರತಂದ ಜೀವನಚರಿತ್ರೆಯ ಭಕ್ತಿಭಾವಕ್ಕಿಂತ ಇದು ಗಟ್ಟಿ. ತುಂಗಭದ್ರೆಗೆ ಮೇಲ್ಭಾಗದಲ್ಲಿ ದೊಡ್ಡ ಜಲಾಶಯ ಬೇಕೆಂದು ಆತ 1860ರಲ್ಲಿಯೇ ಕಂಡಿದ್ದ. ಕಂಪನಿಯ ಹಣ ಕೆಳಗಿನ ಕಾಲುವೆಯಲ್ಲಿಯೇ ಕರಗಿತು. ಜಲಾಶಯ ಕಾಗದದಲ್ಲಿ ಉಳಿಯಿತು. ಈ ಸೀಮೆಯ ಪಾಲಿಗೆ ಅವನು ಕಟ್ಟಿದ್ದಕ್ಕಿಂತ ಕಟ್ಟದೆ ಬಿಟ್ಟದ್ದೇ ದೊಡ್ಡದು. ಎಂಜಿನಿಯರನ ದೂರದೃಷ್ಟಿಯನ್ನೂ ಕಂಪನಿಯ ಹಣಕಾಸನ್ನೂ ಬೇರ್ಪಡಿಸಿ ಓದದ ವಿಮರ್ಶೆಗೆ ಇದು ಕಾಣುವುದಿಲ್ಲ.

ಹೊಸಪೇಟೆಯ ಬಳಿ ಅಣೆಕಟ್ಟಿನ ಕೆಲಸ ಮೊದಲಾದದ್ದು 1945ರಲ್ಲಿ, ನೀರು ಬಿಟ್ಟದ್ದು 1953ರಲ್ಲಿ. ಅದೇ ವರ್ಷ ಅಕ್ಟೋಬರ್ 1ರಂದು ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಬಳ್ಳಾರಿಯಿಂದ ಕಳಚಿ ಆಂಧ್ರಕ್ಕೆ ಸೇರಿದವು. ಆ ಬಳಿಕ ಅಣೆಕಟ್ಟಿನ ಕಥೆಯನ್ನು ಕನ್ನಡ ಗ್ರಂಥಗಳು ಹೊಸಪೇಟೆಯಿಂದಲೂ, ಕಾಟನ್‌ನ ಕಥೆಯನ್ನು ತೆಲುಗು ಗ್ರಂಥಗಳು ರಾಜಮಹೇಂದ್ರಿಯಿಂದಲೂ ಹೇಳುತ್ತ ಬಂದಿವೆ. ನಡುವಿನ ಎರೆಸೀಮೆಯ ಕನ್ನಡಿಗನ ಲೆಕ್ಕ ಎರಡರ ಅಂಚಿನಲ್ಲಿಯೇ ಉಳಿದಿದೆ.