ಗೋಳದ ಮೇಲೊಂದು ದಾರ

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹತ್ತಿರದ ದಾರಿ ಯಾವುದು? ಗೋಡೆಯ ಭೂಪಟದಲ್ಲಿ ಪೂರ್ವಕ್ಕೆ ನೇರ ಗೆರೆ ಎಳೆದರೆ ಅದು ಪೆಸಿಫಿಕ್ ಸಾಗರ ದಾಟಿ 16,000 ಕಿ.ಮೀ. ಮೀರುತ್ತದೆ. ಅವೇ ಎರಡು ಊರುಗಳನ್ನು ಗೋಳದ ಮೇಲೆ ದಾರ ಬಿಗಿಹಿಡಿದು ಜೋಡಿಸಿದರೆ, ದಾರ ಉತ್ತರಕ್ಕೆ ಏರುತ್ತದೆ. ಚೀನಾ, ಸೈಬೀರಿಯಾ ಹಾದು, ಆರ್ಕ್ಟಿಕ್ ಅಂಚನ್ನು ಮುಟ್ಟಿ, ಅಲಾಸ್ಕದ ಮೇಲಿಂದ ಕ್ಯಾಲಿಫೋರ್ನಿಯಾಕ್ಕೆ ಇಳಿಯುತ್ತದೆ. ಅಳತೆ ಸುಮಾರು 13,990 ಕಿ.ಮೀ. ವಿಮಾನಯಾನದ ಹುಚ್ಚು ಹತ್ತಿಸಿಕೊಂಡವರಿಗೆ ಈ ದಾರದಷ್ಟು ಸುಖ ಕೊಡುವ ಸಲಕರಣೆ ಇನ್ನೊಂದಿಲ್ಲ.

ಆದರೆ ಪೈಲಟ್‌ಗಳು ದಾರವನ್ನಷ್ಟೇ ನಂಬಿ ಹಾರುವುದಿಲ್ಲ.

2021ರ ಜನವರಿ 9ರ ಶನಿವಾರ ರಾತ್ರಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳ ತಂಡ ಏರ್ ಇಂಡಿಯಾದ ಬೋಯಿಂಗ್ 777 ವಿಮಾನವನ್ನು ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ತಂದಿತು, ಉತ್ತರ ಧ್ರುವದ ಮೇಲಿಂದ. ಧ್ರುವವನ್ನೇ ಹಾದುಹೋದರೆ ಲೆಕ್ಕದಲ್ಲಿ ಮುನ್ನೂರು ಚಿಲ್ಲರೆ ಕಿಲೋಮೀಟರ್ ಹೆಚ್ಚು. ಆದರೆ ಪಶ್ಚಿಮದಿಂದ ಪೂರ್ವಕ್ಕೆ ನುಗ್ಗುವ ಜೆಟ್ ಗಾಳಿಗೆ ಎದೆಯೊಡ್ಡಿ ಇಂಧನ ಸುಡುವುದಕ್ಕಿಂತ ಬಳಸಿ ಹೋಗುವುದೇ ಕೆಲವು ದಿನ ಲಾಭ. ಧ್ರುವದ ಬಳಿ ಕಾಂತೀಯ ದಿಕ್ಸೂಚಿ ನಂಬಿಕೆಗೆ ಯೋಗ್ಯವಲ್ಲ. ಟ್ಯಾಂಕಿನ ಇಂಧನ ಹೆಪ್ಪುಗಟ್ಟದಂತೆ ಅದರ ತಾಪಮಾನದ ಮೇಲೂ ಕಣ್ಣಿಡಬೇಕು. ಹದಿನೇಳು ತಾಸಿನ ಹಾರಾಟ, ಹದಿಮೂರೂವರೆ ತಾಸಿನ ಗಡಿಯಾರದ ಅಂತರ ಎರಡೂ ಕೂಡಿ ಭಾನುವಾರ ಪೂರ್ತಿ ಆಕಾಶದಲ್ಲೇ ಕರಗಿತು. ವಿಮಾನ ಇಳಿದದ್ದು ಸೋಮವಾರ ನಸುಕಿಗೆ.

ಈಗ ಇದೇ ಲೆಕ್ಕವನ್ನು ಕಲಬುರಗಿಯ ಜೇವರ್ಗಿ ಕಾಲೋನಿಗೆ ತರಬೇಕು. ಅಮೆರಿಕದಿಂದ ಅಪ್ಪ-ಅವ್ವನನ್ನು ನೋಡಲು ಬರುವ ಮಗಳಿಗೆ ಬೆಂಗಳೂರು ಊರಲ್ಲ, ದಾರಿಯ ನಡುವಿನ ನಿಲ್ದಾಣ. ಅಲ್ಲಿಂದ ಕಲಬುರಗಿಗೆ ಆಕಾಶಮಾರ್ಗದಲ್ಲಿ ಸುಮಾರು 460 ಕಿ.ಮೀ. ಮಾತ್ರ. 2024ರ ಮಾರ್ಚ್‌ನಲ್ಲಿ ಶುರುವಾದ ವಂದೇ ಭಾರತ್ ಹಿಡಿದರೂ ಹತ್ತಿರಹತ್ತಿರ ಒಂಬತ್ತು ತಾಸು. ರೈಲಿಗಾಗಿ ಕಾಯುವ ಹೊತ್ತು ಬೇರೆ. ಅಂದರೆ ಒಟ್ಟು ದೂರದ ನೂರರಲ್ಲಿ ಮೂರು ಪಾಲಿಗೆ ಒಟ್ಟು ಪ್ರಯಾಣದ ಮೂರನೇ ಒಂದು ಭಾಗ ಹೊತ್ತು!

ಕಲಬುರಗಿ ಬಳಿಯ ಶ್ರೀನಿವಾಸ ಸರಡಗಿಯಲ್ಲಿ ವಿಮಾನ ನಿಲ್ದಾಣವಿದೆ. 2019ರ ನವೆಂಬರ್ 22ರಂದು ಉದ್ಘಾಟನೆಯಾದ ಅದರ ರನ್‌ವೇ ಮೂರು ಕಿಲೋಮೀಟರ್‌ಗಿಂತ ಉದ್ದ. ಸಣ್ಣ ಊರಿನ ನಿಲ್ದಾಣಗಳಲ್ಲಿ ಇಷ್ಟುದ್ದದ ಪಟ್ಟಿ ಅಪರೂಪ. ಅಲ್ಲಿಂದ ಬೆಂಗಳೂರು ಒಂದು ತಾಸು ಚಿಲ್ಲರೆಯ ಹಾರಾಟ. ದೊಡ್ಡ ವಿಮಾನಗಳ ವೇಳಾಪಟ್ಟಿಗೆ ಕೂಡುವಂಥ ಒಂದು ಸಣ್ಣ ವಿಮಾನ ನಿತ್ಯ ಬಂದರೆ ಕಲಬುರಗಿಗೆ ಉಳಿಯುವ ಹೊತ್ತು, ಧ್ರುವದ ದಾರಿಯಲ್ಲಿ ಉಳಿಯುವ ಹೊತ್ತಿಗಿಂತ ಎಷ್ಟೋ ಪಟ್ಟು ಹೆಚ್ಚು. ಟಿಕೆಟ್ ತೆಗೆಸುವಾಗ ಎರಡು ದೊಡ್ಡ ನಿಲ್ದಾಣಗಳ ನಡುವಿನ ತಾಸುಗಳನ್ನಷ್ಟೇ ನೋಡುವವರು ಮನೆ ಬಾಗಿಲಿಂದ ಮನೆ ಬಾಗಿಲಿಗೆ ಕೂಡಿಸಿ ನೋಡಬೇಕು. ಹೈದರಾಬಾದ್‌ನ ಶಂಶಾಬಾದ್ ನಿಲ್ದಾಣದಲ್ಲಿ ಇಳಿದು, ಅಲ್ಲಿಂದ ಕಾರಿನಲ್ಲಿ ಕಲಬುರಗಿಗೆ ಬರುವುದು ಎಷ್ಟೋ ಸಲ ಬೇಗ ಮುಟ್ಟಿಸುತ್ತದೆ, ನಡುವೆ ಒಂದು ವಿಮಾನ ಬದಲಿಸಬೇಕಾಗಿ ಬಂದರೂ.